ಹಿಸ್ಟೊಗ್ರಾಂ ಮೇಲೆ ಹೊಂದುವ ಗೆರೆ: ಸೈನಿಕರ ಎದೆಯಳತೆಯಿಂದ ಎಕ್ಸೆಲ್‌ವರೆಗೆ

ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ 1846ರಲ್ಲಿ ಪ್ರಕಟಿಸಿದ ಒಂದು ಪಟ್ಟಿಯಲ್ಲಿ 5738 ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆ ಇದೆ. 33 ಇಂಚಿನಿಂದ 48 ಇಂಚಿನವರೆಗೆ, ಇಂಚಿಗೊಂದು ವರ್ಗ. 39 ಇಂಚಿನವರು 1073, 40 ಇಂಚಿನವರು 1079, 44 ಇಂಚಿನವರು ಬರೀ 92. ಮೂಲ ಅಂಕಿಗಳು 1817ರ ಎಡಿನ್‌ಬರೊ ವೈದ್ಯಕೀಯ ಪತ್ರಿಕೆಯವು. ಎತ್ತಿ ಬರೆಯುವಾಗ ಕೆಟ್ಲೆ ಕೆಲವು ಎಣಿಕೆಗಳನ್ನು ತಪ್ಪಾಗಿ ಬರೆದಿದ್ದ. ಆದರೂ ನಿಜವಾದ ಅಂಕಿಗಳ ಪಕ್ಕದಲ್ಲಿ ಸಿದ್ಧಾಂತದ ಅಂಕಿಗಳನ್ನಿಟ್ಟು ಹೋಲಿಸಿದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಹಿಸ್ಟೊಗ್ರಾಂ, ಎಂದರೆ ಪ್ರತಿ ವರ್ಗದ ಎಣಿಕೆಯನ್ನು ಕಂಬವಾಗಿ ತೋರಿಸುವ ಚಿತ್ರದ ಮೇಲೆ ಗಂಟೆಯಾಕಾರದ ಗೆರೆ ಹೊಂದಿಸಲು ಇಂದು ಗ್ರಾಫ್ ತಂತ್ರಾಂಶಗಳಲ್ಲಿ ಒಂದು ಬಟನ್ ಒತ್ತಿದರೆ ಸಾಕು; ಆ ಕೆಲಸದ ಮೂಲ ಇಲ್ಲಿದೆ. ಆ ಬಟನ್ ಎಲ್ಲಿ ಎಡವುತ್ತದೆ ಎಂಬುದನ್ನೂ ಇದೇ ಪಟ್ಟಿ ಇಟ್ಟುಕೊಂಡು ತೋರಿಸಬಹುದು.

ಪಟ್ಟಿಯ ಸರಾಸರಿ 39.83, ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 2.05. ಗಂಟೆಯಾಕಾರದ ಗೆರೆಯ ಬೆಲೆ ಕೊಡುವ ಎಕ್ಸೆಲ್‌ನ ನಾರ್ಮ್.ಡಿಸ್ಟ್ ಸೂತ್ರಕ್ಕೆ ಇವೆರಡನ್ನೂ ಕೊಟ್ಟು, ಕೊನೆಯ ಆಯ್ಕೆಯನ್ನು ಫಾಲ್ಸ್ ಎಂದಿಟ್ಟರೆ 40ರ ಬಳಿ ಸಿಗುವುದು 0.194. ಕಂಬದ ಎತ್ತರ 1079 ಇರುವಾಗ ಈ ಗೆರೆ ತಳದಲ್ಲೇ ಮಲಗಿರುತ್ತದೆ. ಸೂತ್ರ ಕೊಡುವುದು ಸಾಂದ್ರತೆ (ಒಂದು ಇಂಚಿಗೆ ಬೀಳುವ ಪಾಲು), ಕಂಬ ತೋರಿಸುವುದು ಎಣಿಕೆ. ಹೀಗಾಗಿ ಸಾಂದ್ರತೆಯನ್ನು ಒಟ್ಟು ಸಂಖ್ಯೆ ಮತ್ತು ವರ್ಗದ ಅಗಲ ಎರಡರಿಂದಲೂ ಗುಣಿಸಬೇಕು. ಇಲ್ಲಿ ಅಗಲ 1 ಇಂಚು ಆದ್ದರಿಂದ 5738ರಿಂದ ಗುಣಿಸಿದರೆ ಸಾಕು, ಗೆರೆ 1113ಕ್ಕೆ ಏರುತ್ತದೆ. ವರ್ಗವನ್ನು 2 ಇಂಚಿಗೆ ಅಗಲಿಸಿ ಅಗಲದ ಗುಣಾಕಾರ ಮರೆತರೆ ಗೆರೆ ಅರ್ಧಕ್ಕೇ ನಿಲ್ಲುತ್ತದೆ. ಎಕ್ಸೆಲ್ 2016ರಲ್ಲಿ ಬಂದ ಹಿಸ್ಟೊಗ್ರಾಂ ಚಾರ್ಟ್ ಜೊತೆ ಬೇರೆ ಬಗೆಯ ಚಾರ್ಟ್ ಸೇರಿಸಲು ಬರುವುದಿಲ್ಲ. ಫ್ರೀಕ್ವೆನ್ಸಿ ಸೂತ್ರದಿಂದ ಎಣಿಕೆ ತೆಗೆದು, ಸಾಮಾನ್ಯ ಕಾಲಂ ಚಾರ್ಟ್ ಹಾಕಿ, ಕಂಬಗಳ ನಡುವಿನ ಅಂತರವನ್ನು ಸೊನ್ನೆ ಮಾಡಿ, ಅದರ ಮೇಲೆ ಗೆರೆ ಎಳೆಯಬೇಕು.

ಹಿಸ್ಟೊಗ್ರಾಂ ಎಂಬ ಹೆಸರು ಕೊಟ್ಟ ಕಾರ್ಲ್ ಪಿಯರ್ಸನ್, 1894ರಲ್ಲಿ ನೇಪಲ್ಸ್‌ನ 1000 ಏಡಿಗಳ ಅಳತೆಗಳಿಗೆ ಒಂದು ಗಂಟೆಯಾಕಾರದ ಗೆರೆ ಸಾಲದೆಂದು ಎರಡನ್ನು ಕೂಡಿಸಿ ಹೊಂದಿಸಿದ. ಅದಕ್ಕಾಗಿ 9ನೇ ಘಾತದ ಸಮೀಕರಣವನ್ನು ಕೈಯಲ್ಲೇ ಬಿಡಿಸಬೇಕಾಯಿತು. ಆ ಕಾಲದಲ್ಲಿ ವರ್ಗದ ಮಧ್ಯಬಿಂದುವೇ ಎಲ್ಲರ ಅಳತೆ ಎಂದು ಹಿಡಿದು ಲೆಕ್ಕ ಮಾಡುತ್ತಿದ್ದರು. ಸಾವಿರಾರು ಅಂಕಿಗಳನ್ನು ಒಂದೊಂದಾಗಿ ಕೂಡುವುದು ಬಹಳ ಶ್ರಮದ ಕೆಲಸ. ಹೀಗೆ ಮಧ್ಯಬಿಂದು ಹಿಡಿಯುವುದರಿಂದ ವಿಚಲನೆ ಸ್ವಲ್ಪ ಉಬ್ಬುತ್ತದೆ. ವಿಚಲನೆಯ ಸ್ಕ್ವೇರ್‌ನಿಂದ (ಅದನ್ನು ಅದರಿಂದಲೇ ಗುಣಿಸಿದ ಬೆಲೆಯಿಂದ) ವರ್ಗದ ಅಗಲದ ಸ್ಕ್ವೇರ್‌ನ ಹನ್ನೆರಡನೇ ಒಂದು ಭಾಗ ಕಳೆಯಬೇಕೆಂಬ ಶೆಪರ್ಡ್ ತಿದ್ದುಪಡಿ ಹುಟ್ಟಿದ್ದು ಹೀಗೆ. ನಮ್ಮ ಪಟ್ಟಿಯಲ್ಲಿ 2.05 ಇದ್ದದ್ದು 2.03 ಆಗುತ್ತದೆ, ಏನೇನೂ ಅಲ್ಲ. ವಿಚಲನೆ 8 ಇರುವಲ್ಲಿ 16ರ ಅಗಲದ ವರ್ಗ ಹಾಕಿದರೆ ಮಾತ್ರ ಅದು 9.2 ಎಂದು ಕಾಣುತ್ತದೆ. ಅಂಥಲ್ಲಿ ತಿದ್ದದೆ ಬಿಡುವುದು ತಪ್ಪು.

ಗೆರೆ ಹೊಂದಿದೆಯೇ ಎಂದು ನೋಡಲು ಪಿಯರ್ಸನ್ 1900ರಲ್ಲಿ ಕೈ-ಸ್ಕ್ವೇರ್ ಪರೀಕ್ಷೆ ಕೊಟ್ಟ: ಪ್ರತಿ ವರ್ಗದಲ್ಲಿ ಎಣಿಕೆಗೂ ಗೆರೆಯ ನಿರೀಕ್ಷೆಗೂ ಇರುವ ವ್ಯತ್ಯಾಸದ ಸ್ಕ್ವೇರನ್ನು ನಿರೀಕ್ಷೆಯಿಂದ ಭಾಗಿಸಿ, ಎಲ್ಲವನ್ನೂ ಕೂಡಬೇಕು. 43.5 ಮತ್ತು 44.5ರ ನಡುವೆ ಗೆರೆಯ ಪ್ರಕಾರ ಸುಮಾರು 145 ಸೈನಿಕರಿರಬೇಕು, ಇರುವವರು 92. ಈ ಒಂದೇ ವರ್ಗ ಸುಮಾರು 20ನ್ನು ಸೇರಿಸುತ್ತದೆ. ಎರಡು ತುದಿಗಳ ಸಣ್ಣ ವರ್ಗಗಳನ್ನು ಒಟ್ಟುಗೂಡಿಸಿ 13 ವರ್ಗ ಮಾಡಿದರೆ ಮೊತ್ತ ಸುಮಾರು 35. ಒಟ್ಟು ಸಂಖ್ಯೆ, ಸರಾಸರಿ, ವಿಚಲನೆ ಮೂರನ್ನೂ ಇದೇ ಪಟ್ಟಿಯಿಂದ ತೆಗೆದದ್ದರಿಂದ ಉಳಿಯುವ ಸ್ವಾತಂತ್ರ್ಯಾಂಶ (ಸ್ವತಂತ್ರವಾಗಿ ಬದಲಾಗಬಲ್ಲ ವರ್ಗಗಳ ಸಂಖ್ಯೆ) 10. ಗೆರೆ ಸರಿಯಿದ್ದರೂ ಆಕಸ್ಮಿಕವಾಗಿ ಶೇ. 5ರಷ್ಟು ಸಲ ಮಾತ್ರ ದಾಟುವ ಗಡಿ 18.3, ಮೊತ್ತ ಅದನ್ನು ದಾಟಿದೆ. ಎಂದರೆ ಗೆರೆ ಹೊಂದಿಲ್ಲ. ಇದೇ ಗೆರೆಗೆ ಆರ್-ಸ್ಕ್ವೇರ್ (1ಕ್ಕೆ ಹತ್ತಿರವಾದಷ್ಟೂ ಗೆರೆ ಚೆನ್ನಾಗಿ ಹೊಂದಿದೆ ಎನ್ನುವ ಅಳತೆ) ತೆಗೆದರೆ 0.997 ಬರುತ್ತದೆ! ಹಿಸ್ಟೊಗ್ರಾಂಗೆ ಸಂಬಂಧಿಸಿ ಆರ್-ಸ್ಕ್ವೇರ್ ನಂಬಬಾರದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಎತ್ತರದ ಕಂಬಗಳು ಹೊಂದಿಬಿಟ್ಟರೆ ಅದು ತುದಿಗಳ ಗೋಜಿಗೇ ಹೋಗುವುದಿಲ್ಲ.

ಆರ್-ಸ್ಕ್ವೇರ್ ಇಲ್ಲಿಗೆ ಬಂದದ್ದು ಲೀಸ್ಟ್ ಸ್ಕ್ವೇರ್ಸ್ ವಿಧಾನದ ಜೊತೆಯಲ್ಲಿ; ಗೆರೆಗೂ ಬಿಂದುಗಳಿಗೂ ಇರುವ ವ್ಯತ್ಯಾಸಗಳ ಸ್ಕ್ವೇರ್‌ಗಳ ಮೊತ್ತವನ್ನು ಆದಷ್ಟು ಕಡಿಮೆ ಮಾಡುವುದೇ ಆ ವಿಧಾನ. ಲೆವೆನ್‌ಬರ್ಗ್ 1944ರಲ್ಲಿ, ಮಾರ್ಕ್ವಾರ್ಟ್ 1963ರಲ್ಲಿ ಕೊಟ್ಟ ಲೆಕ್ಕದ ದಾರಿ ಹಲವು ಬಗೆಯ ವಕ್ರರೇಖೆಗಳನ್ನು ಬಿಂದುಗಳಿಗೆ ಹೊಂದಿಸಬಲ್ಲದು. ಗ್ರಾಫ್ ತಂತ್ರಾಂಶಗಳು ಅದನ್ನೇ ಒಳಗಿಟ್ಟುಕೊಂಡವು, ಬಳಕೆದಾರರು ಕಂಬದ ತುದಿಗಳನ್ನೇ ಬಿಂದುಗಳೆಂದು ಕೊಟ್ಟರು. ಆದರೆ 1000 ಎಣಿಕೆಯ ಕಂಬ 30ರಷ್ಟು ಅತ್ತಿತ್ತ ಆಗುವುದು ಸಹಜ, 4ರ ಕಂಬ 2ರಷ್ಟು ಮಾತ್ರ. ಎಲ್ಲಕ್ಕೂ ಒಂದೇ ತೂಕ ಕೊಟ್ಟರೆ ಲೆಕ್ಕ ಓರೆಯಾಗುತ್ತದೆ.

ಗ್ನುಪ್ಲಾಟ್ ಎಂಬ ಗ್ರಾಫ್ ತಂತ್ರಾಂಶದಲ್ಲಿ ಇನ್ನೊಂದು ತೊಡಕಿದೆ. ಆರಂಭದ ಬೆಲೆ ಕೊಡದಿದ್ದರೆ ಅದು ಪ್ರತಿ ನಿಯತಾಂಕವನ್ನೂ (ಸರಾಸರಿ, ವಿಚಲನೆಯಂಥ, ಹೊಂದಿಸಬೇಕಾದ ಬೆಲೆಯನ್ನು) 1 ಎಂದೇ ಹಿಡಿಯುತ್ತದೆ. ದತ್ತಾಂಶ 150ರ ಸುತ್ತ ಇದ್ದರೆ, ಸರಾಸರಿ 1, ವಿಚಲನೆ 1 ಇರುವ ಗಂಟೆ ಅಲ್ಲಿಗೆ ತಲುಪುವಷ್ಟರಲ್ಲಿ ಶುದ್ಧ ಸೊನ್ನೆ. ಯಾವ ಕಡೆ ಸರಿದರೂ ವ್ಯತ್ಯಾಸ ಕಾಣದೆ ಸಿಂಗ್ಯುಲರ್ ಮ್ಯಾಟ್ರಿಕ್ಸ್ ಎಂಬ ದೋಷ ಸಂದೇಶ ಕೊಟ್ಟು ನಿಂತುಬಿಡುತ್ತದೆ. ಸರಾಸರಿ, ವಿಚಲನೆ, ಅತಿ ಎತ್ತರದ ಕಂಬ, ಈ ಮೂರನ್ನು ಮೊದಲೇ ಬರೆದುಕೊಟ್ಟರೆ ಸಾಮಾನ್ಯವಾಗಿ ಕೆಲವೇ ಸುತ್ತಿನಲ್ಲಿ ಮುಗಿಯುತ್ತದೆ. ವರ್ಗದ ಮಧ್ಯಕ್ಕೆ ಹೋಗಲು ಅಗಲದ ಅರ್ಧ ಕೂಡಿಸುವಾಗ, ಅಗಲ 5 ಇದ್ದರೆ ಅದನ್ನು 2ರಿಂದಲ್ಲ, 2.0ರಿಂದ ಭಾಗಿಸಿ. ಎರಡೂ ಪೂರ್ಣಾಂಕವಾದರೆ ಉತ್ತರ 2.5ರ ಬದಲು 2 ಬಂದು ಕಂಬಗಳು ಎಡಕ್ಕೆ ಜರುಗುತ್ತವೆ.

ಮೂಲ ಅಂಕಿಗಳು ಕೈಯಲ್ಲಿದ್ದರೆ ಕಂಬಗಳಿಗೆ ಹೊಂದಿಸಲೇಬೇಡಿ. ಫಿಷರ್ 1922ರಲ್ಲಿ ವಿವರಿಸಿದ ಮ್ಯಾಕ್ಸಿಮಮ್ ಲೈಕ್ಲಿಹುಡ್ ವಿಧಾನ (ಸಿಕ್ಕ ಅಂಕಿಗಳು ಬರುವ ಸಾಧ್ಯತೆಯನ್ನು ಅತಿ ಹೆಚ್ಚಾಗಿಸುವ ಬೆಲೆಗಳನ್ನು ಆರಿಸುವುದು) ಬಿಡಿ ಅಂಕಿಗಳ ಮೇಲೇ ಕೆಲಸ ಮಾಡುತ್ತದೆ, ವರ್ಗ ಬೇಕಾಗುವುದು ಚಿತ್ರಕ್ಕೆ ಮಾತ್ರ. ಪಿಯರ್ಸನ್ ಏಡಿಗಳಿಗೆ ಹೊಂದಿಸಿದಂಥ ಜೋಡಿ ಗಂಟೆಗಳಿಗೆ ಈ ವಿಧಾನವನ್ನು 1948ರಲ್ಲೇ ಬಳಸಿದವರು ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್. ಎಣಿಕೆ ಮಾತ್ರ ಸಿಕ್ಕಿದ್ದರೆ, ನಾರ್ಮ್.ಡಿಸ್ಟ್‌ನ ಕೊನೆಯ ಆಯ್ಕೆಯನ್ನು ಟ್ರೂ ಮಾಡಿ, ವರ್ಗದ ಮೇಲಂಚಿನ ಬೆಲೆಯಿಂದ ಕೆಳ ಅಂಚಿನದನ್ನು ಕಳೆದು, ಒಟ್ಟು ಸಂಖ್ಯೆಯಿಂದ ಗುಣಿಸಿ ಹೋಲಿಸಿ. ಮೇಲಿನ 145 ಬಂದದ್ದು ಹಾಗೆ.

ವರ್ಗದ ಅಗಲಕ್ಕೆ 1926ರ ಸ್ಟರ್ಜಸ್ ಸೂತ್ರ ಈ ಪಟ್ಟಿಗೆ 14 ವರ್ಗ ಹೇಳುತ್ತದೆ, 1979ರ ಸ್ಕಾಟ್ ಸೂತ್ರ 0.4 ಇಂಚು ಎನ್ನುತ್ತದೆ. ಅಳೆದದ್ದೇ ಇಂಚಿನ ಲೆಕ್ಕದಲ್ಲಾದ್ದರಿಂದ 0.4 ಹಾಕಿದರೆ ನಡುನಡುವೆ ಖಾಲಿ ವರ್ಗಗಳು ಬೀಳುತ್ತವೆ. ಅಗಲ ಯಾವಾಗಲೂ ಅಳತೆಯ ಏಕಮಾನದ ಪೂರ್ಣ ಗುಣಕವಾಗಿರಲಿ. ಅಂಚು 40ರ ಮೇಲೆಯೇ ಬಿದ್ದರೆ ಎಕ್ಸೆಲ್ ಮತ್ತು ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ 40 ಅಳತೆಯವರನ್ನು ಎಡಗಡೆಯ ವರ್ಗಕ್ಕೆ ಸೇರಿಸುತ್ತವೆ, ಪೈಥಾನ್ ಭಾಷೆಯ ಲೆಕ್ಕದ ಲೈಬ್ರರಿ ನಂಪೈ ಬಲಗಡೆಯದಕ್ಕೆ. ಅಂಚನ್ನು 39.5, 40.5 ಎಂದು ಅರ್ಧದಲ್ಲಿಟ್ಟರೆ ಮೂರರಲ್ಲೂ ಒಂದೇ ಹಿಸ್ಟೊಗ್ರಾಂ ಬರುತ್ತದೆ.