ಕಟ್ಟಿಗೆಗೆ ಅಂಟಿಸಿದ ಗಿಡ ಊಟ ಮಾಡುವುದು ಎಲ್ಲಿಂದ?

ಅಕ್ವೇರಿಯಂಗೆ ಮೊದಲ ಸಲ ಜೀವಂತ ಗಿಡ ತರುವವರು ಸಾಮಾನ್ಯವಾಗಿ ಅನುಬಿಯಾಸನ್ನೋ ಜಾವಾ ಫರ್ನನ್ನೋ ತರುತ್ತಾರೆ. ಎರಡೂ ಕಡಿಮೆ ಬೆಳಕಿನಲ್ಲೂ ಬದುಕುವ ಗಟ್ಟಿ ಜೀವಗಳು. ಮನೆಗೆ ತಂದ ಕೂಡಲೇ ಮಾಡುವ ಕೆಲಸ, ಮರಳಿನಲ್ಲಿ ಆಳವಾಗಿ ಹೂಳುವುದು. ಗಿಡ ಅಂದಮೇಲೆ ನೆಡಬೇಕು ಅಲ್ವಾ! ಕೆಲವು ವಾರಗಳಲ್ಲಿ ಎಲೆ ಹಳದಿಯಾಗಿ, ಒಂದೊಂದೇ ಕಳಚಿ ಮೇಲೆ ತೇಲುತ್ತದೆ. ಕಿತ್ತು ನೋಡಿದರೆ ಬುಡವೆಲ್ಲ ಲೊಳಲೊಳ, ಕೊಳೆತ ಮೊಟ್ಟೆಯ ವಾಸನೆ. 'ನಮ್ಮ ಬೋರ್‌ವೆಲ್ ನೀರಿಗೆ ಗಿಡ ಆಗಲ್ಲ' ಅನ್ನುವ ತೀರ್ಪು ಬಿದ್ದುಬಿಡುತ್ತದೆ. ಪಾಪ, ನೀರಿನ ತಪ್ಪು ಏನೂ ಇರುವುದಿಲ್ಲ.

ಅನುಬಿಯಾಸಿನ ಬುಡದಲ್ಲಿ ಅಡ್ಡಕ್ಕೆ ಬೆಳೆದ ದಪ್ಪನೆಯ ಹಸಿರು ಭಾಗವನ್ನು ಎಲ್ಲರೂ ಬೇರು ಅಂದುಕೊಳ್ಳುತ್ತಾರೆ. ಅದು ಕಾಂಡ, ರೈಜೋಮ್. ಶುಂಠಿ, ಅರಿಶಿನ ಕೂಡ ರೈಜೋಮ್‌ಗಳೇ. ಅವು ಮಣ್ಣೊಳಗೆ ಇರಲು ಒಗ್ಗಿಕೊಂಡಿವೆ, ಇದು ಹೊರಗೆ ಹರಿಯುವ ನೀರಿಗೆ ಒಗ್ಗಿಕೊಂಡಿದೆ. ತೊಟ್ಟಿಯ ತಳದ ಮರಳಿನಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಅಲ್ಲಿರುವ ಚೂರುಪಾರು ಆಮ್ಲಜನಕವನ್ನು ಬ್ಯಾಕ್ಟೀರಿಯಾಗಳು ಮುಗಿಸಿಬಿಡುತ್ತವೆ. ಪಿಷ್ಟ ತುಂಬಿಕೊಂಡ ಕಾಂಡಕ್ಕೆ ಉಸಿರಾಡಲು ಆಗುವುದಿಲ್ಲ. ಅದು ಕೊಳೆತರೆ ಎಲೆ, ಬೇರು ಎರಡೂ ಹೋದ ಹಾಗೆಯೇ.

ಈ ಗಿಡದ ತವರನ್ನು ನೋಡಿದರೆ ವಿಷಯ ಬೇಗ ಅರ್ಥವಾಗುತ್ತದೆ. ನೈಜೀರಿಯಾ, ಕ್ಯಾಮರೂನ್ ಮುಂತಾದ ಕಡೆ, ಕಾಡಿನ ನೆರಳಿನ ಹಳ್ಳಗಳಲ್ಲಿ ಬಂಡೆಗೋ ಬಿದ್ದ ಮರಕ್ಕೋ ಅಪ್ಪಿಕೊಂಡು ಇದು ಬೆಳೆಯುತ್ತದೆ. 1857ರಲ್ಲಿ ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಹೈನ್ರಿಕ್ ಶಾಟ್ ಇದಕ್ಕೆ ಈ ಹೆಸರಿಟ್ಟ. ಜಾವಾ ಫರ್ನ್ ಹೆಸರಿಗೆ ಮಾತ್ರ ಜಾವಾದ್ದು. ಆಗ್ನೇಯ ಏಷ್ಯಾ ತುಂಬ ಇದೆ, ನಮ್ಮ ಪಶ್ಚಿಮ ಘಟ್ಟದ ತೊರೆಗಳ ಬಂಡೆಗಳ ಮೇಲೂ ಇದೆ. ಡ್ರಿಫ್ಟ್‌ವುಡ್ಡಿಗೆ (ತೊಟ್ಟಿಯಲ್ಲಿಡುವ ಕಟ್ಟಿಗೆಯ ತುಂಡಿಗೆ) ಇವನ್ನು ಅಂಟಿಸುವುದು ಬರೀ ಅಲಂಕಾರ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಇವು ಬದುಕುವ ರೀತಿಯೇ ಅದು.

ಇನ್ನೊಂದು ತಪ್ಪು ಕಲ್ಪನೆ ಬಂದಳಿಕೆಯಿಂದ ಬಂದದ್ದು. ಮರದ ಮೇಲೆ ಗಿಡ ಕಂಡರೆ ಸಾಕು, ಅದು ಮರದ ಸಾರ ಹೀರುತ್ತಿದೆ ಅನ್ನುತ್ತೇವೆ. ಬಂದಳಿಕೆಯ ಮಟ್ಟಿಗೆ ಅದು ನಿಜ. ಅದರ ಬೇರು ತೊಗಟೆ ಸೀಳಿಕೊಂಡು ಒಳಗೆ ಇಳಿಯುತ್ತದೆ. ಆದರೆ ಮಲೆನಾಡಿನ ಮರಗಳ ಮೇಲೆ ಹೂ ಬಿಡುವ ಸೀತಾಳೆ ದಂಡೆ ಮರದಿಂದ ಏನನ್ನೂ ಕದಿಯುವುದಿಲ್ಲ, ಸುಮ್ನೆ ಹಿಡಿದುಕೊಂಡು ಕೂತಿರುತ್ತದೆ. ಅನುಬಿಯಾಸ್ ಈ ಎರಡನೇ ಗುಂಪಿನದು. ಹಾಗಾಗಿ 'ಕಟ್ಟಿಗೆಯ ಸತ್ವ ಮುಗಿದರೆ ಗಿಡ ಸಾಯುತ್ತಾ?' ಅನ್ನುವ ಚಿಂತೆ ಬೇಡ. ಕಟ್ಟಿಗೆಯ ಬದಲು ಕಲ್ಲಿಗೆ ಅಂಟಿಸಿದರೂ ಅಷ್ಟೇ ಚೆನ್ನಾಗಿ ಬೆಳೆಯುತ್ತದೆ.

ಹಾಗಾದರೆ ಊಟ? ಎಲೆಯಿಂದ. ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತದೆ. ನೀರಲ್ಲಿ ಕರಗಿದ ಅದನ್ನು ಎಲೆಗಳೇ ಎಳೆದುಕೊಳ್ಳುತ್ತವೆ. ಪೊಟ್ಯಾಸಿಯಂ, ಕಬ್ಬಿಣ ಬರುವುದೂ ಹಾಗೆಯೇ. ಮರಳಲ್ಲಿ ಗೊಬ್ಬರದ ಮಾತ್ರೆ ಹುಗಿದು ಕಟ್ಟಿಗೆ ಮೇಲಿನ ಗಿಡ ಕೊಬ್ಬಲಿ ಅಂತ ಕಾಯುವುದು ದಂಡ. ಅದಕ್ಕೆ ಬೇಕಾದದ್ದು ನೀರಿಗೆ ಹಾಕುವ ದ್ರವ ಗೊಬ್ಬರ, ಅದೂ ಸ್ವಲ್ಪ. ಇವು ನಿಧಾನ ಬೆಳೆಯುವುದಕ್ಕೆ ನೀರೂ ಒಂದು ಕಾರಣ. ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹರಡುವುದಕ್ಕಿಂತ ನಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೆಳವಣಿಗೆ ಕಾಣ್ತಿಲ್ಲ ಅಂತ ಲೈಟು ಜಾಸ್ತಿ ಮಾಡಿದರೆ ಪಾಚಿಗೆ ಹಬ್ಬ, ಅಷ್ಟೇ.

ಈಗ ಕಟ್ಟಿಗೆ. ಮರದ ಜೀವಕೋಶದ ಗೋಡೆ ನೀರಿಗಿಂತ ಸುಮಾರು ಒಂದೂವರೆ ಪಟ್ಟು ತೂಕ. ಕಟ್ಟಿಗೆ ತೇಲುವುದು ಒಳಗಿನ ಟೊಳ್ಳುಗಳಲ್ಲಿ ಗಾಳಿ ಇರುವುದರಿಂದ. ಕುದಿಸಿದರೆ, ಅಥವಾ ವಾರಗಟ್ಟಲೆ ನೆನೆಹಾಕಿದರೆ ಗಾಳಿ ಹೋಗಿ ನೀರು ತುಂಬುತ್ತದೆ, ಕಟ್ಟಿಗೆ ತಾನಾಗಿ ಮುಳುಗುತ್ತದೆ. ಆಗ ನೀರು ಚಹಾ ಬಣ್ಣಕ್ಕೆ ತಿರುಗುವುದು ಮರದಿಂದ ಕರಗಿ ಬರುವ ಒಗರು ವಸ್ತುವಾದ ಟ್ಯಾನಿನ್‌ನಿಂದ. ಮೀನಿಗೆ ಅದು ವಿಷವಲ್ಲ. ಅಮೆಜಾನಿನ ಉಪನದಿ ರಿಯೊ ನೆಗ್ರೊದ ನೀರು ಇದಕ್ಕಿಂತ ಕಪ್ಪು, ಕಾರ್ಡಿನಲ್ ಟೆಟ್ರಾದಂಥ ಮೀನುಗಳ ಊರೇ ಅದು. ಹೊಸ ಕಟ್ಟಿಗೆಯ ಮೇಲೆ ಬರುವ ಬಿಳಿ ಬೂಸ್ಟಿಗೂ ಹೆದರಬೇಕಾಗಿಲ್ಲ. ಕಟ್ಟಿಗೆಯಲ್ಲಿ ಉಳಿದ ಸಕ್ಕರೆ ಮುಗಿದ ಮೇಲೆ ಅದೂ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಭಾಗ ಅಂಟು. ಫೆವಿಕ್ವಿಕ್ ಥರದ ಅಂಟನ್ನು ಮೀನಿನ ತೊಟ್ಟಿಗೆ ಹಾಕುವುದೇ ಅಂತ ಬಹಳ ಜನ ಬೆಚ್ಚಿಬೀಳುತ್ತಾರೆ. ಇದರ ಹೆಸರು ಸಯನೋಅಕ್ರಿಲೇಟ್. 1942ರಲ್ಲಿ, ಮಹಾಯುದ್ಧದ ಸಮಯದಲ್ಲಿ, ಅಮೆರಿಕದ ಹ್ಯಾರಿ ಕೂವರ್ ಬಂದೂಕಿನ ಗುರಿಕಣ್ಣಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದ. ಈ ರಾಸಾಯನಿಕ ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತಿತ್ತು. ಪ್ರಯೋಜನವಿಲ್ಲ ಅಂತ ಬದಿಗಿಟ್ಟರು. 1951ರಲ್ಲಿ ಅವನ ತಂಡದವನೊಬ್ಬ ಇದನ್ನು ಪರೀಕ್ಷಿಸಲು ಹೋಗಿ, ದುಬಾರಿ ಉಪಕರಣವೊಂದರ ಎರಡು ಪಟ್ಟಕಗಳನ್ನು ಬಿಡಿಸಲಾಗದ ಹಾಗೆ ಅಂಟಿಸಿಬಿಟ್ಟ. ಆಗ ಕೂವರ್‌ಗೆ ಹೊಳೆಯಿತು, ಇದರ ಕೆಲಸವೇ ಅಂಟುವುದು ಅಂತ! 1958ರಲ್ಲಿ ಮಾರಾಟಕ್ಕೆ ಬಂತು. ಇದೇ ಕುಟುಂಬದ ಅಂಟಿನಿಂದ ಇವತ್ತು ವೈದ್ಯರು ಚರ್ಮದ ಗಾಯ ಮುಚ್ಚುತ್ತಾರೆ.

ಇದು ಒಣಗಿ ಗಟ್ಟಿಯಾಗುವ ಅಂಟಲ್ಲ, ಒದ್ದೆಗೆ ಗಟ್ಟಿಯಾಗುವ ಅಂಟು. ಟ್ಯೂಬಿನೊಳಗೆ ಪುಟ್ಟ ಪುಟ್ಟ ಅಣುಗಳು ಬಿಡಿಬಿಡಿಯಾಗಿ ಓಡಾಡಿಕೊಂಡಿರುತ್ತವೆ. ನೀರಿನ ಲವಲೇಶ ತಾಗಿದರೂ ಒಂದು ಅಣು ಎಚ್ಚರಗೊಂಡು ಪಕ್ಕದ್ದನ್ನು ಹಿಡಿಯುತ್ತದೆ. ಮಕ್ಕಳ ರೈಲಾಟ ನೋಡಿದ್ದೀರಲ್ಲ, ಒಬ್ಬನ ಅಂಗಿ ಇನ್ನೊಬ್ಬ ಹಿಡಿಯುವುದು, ಅವನ ಅಂಗಿ ಮತ್ತೊಬ್ಬ ಹಿಡಿಯುವುದು, ಹಾಗೆ ಸಾಲು ಉದ್ದವಾಗುತ್ತಾ ಹೋಗುತ್ತದೆ. ಕ್ಷಣಗಳಲ್ಲಿ ದ್ರವವೆಲ್ಲ ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ. ತೆಳುವಾದ ಪದರಕ್ಕೆ ತೇವ ಪೂರ್ತಿ ತಲುಪುತ್ತದೆ, ಅದಕ್ಕೇ ಕಡಿಮೆ ಅಂಟು ಹಾಕಿದರೆ ಹಿಡಿತ ಜಾಸ್ತಿ. ದಪ್ಪಗೆ ಸುರಿದರೆ ಮೇಲೊಂದು ಬಿಳಿ ಸಿಪ್ಪೆ ಬರುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಪೂರ್ತಿ ಗಟ್ಟಿಯಾದ ಅಂಟು ನೀರಿನಲ್ಲಿ ಸವೆಯುವುದು ತೀರಾ ನಿಧಾನ. ಒಂದೆರಡು ಹನಿಯಿಂದ ಮೀನಿಗೆ ತೊಂದರೆಯಿಲ್ಲ.

ಜೆಲ್ ರೂಪದ್ದೇ ಒಳ್ಳೆಯದು, ಹರಿಯುವುದಿಲ್ಲ. ಕಟ್ಟಿಗೆಯ ಆ ಜಾಗ ಮತ್ತು ಗಿಡದ ಬೇರನ್ನು ಟಿಶ್ಯೂನಿಂದ ಒತ್ತಿ ನೀರು ತೆಗೆಯಿರಿ. ಜೋಳದ ಕಾಳಿನಷ್ಟು ಅಂಟು ಇಟ್ಟು ಬೇರುಗಳನ್ನು ಒತ್ತಿ ಹಿಡಿಯಿರಿ. ರೈಜೋಮಿನ ಕೆಳಗೆ ಚೂರು ತಾಗಿದರೆ ಪರವಾಗಿಲ್ಲ, ಮೇಲೆಲ್ಲ ಬಳಿಯಬೇಡಿ. ಹತ್ತಿ ದಾರ ಸುತ್ತುವುದೂ ಸರಿಯೇ. ಬ್ಯಾಕ್ಟೀರಿಯಾಗಳು ದಾರ ತಿಂದು ಮುಗಿಸುವ ಹೊತ್ತಿಗೆ ಹೊಸ ಬೇರು ಕಟ್ಟಿಗೆಯ ಬಿರುಕಿಗೆ ಇಳಿದಿರುತ್ತದೆ. ಜಾವಾ ಮಾಸ್ ಅನ್ನುವ ಹಾವಸೆಗೆ ಬೇರೇ ಇಲ್ಲ, ಹಿಡಿತ ಕಮ್ಮಿ. ಅದಕ್ಕೆ ಕೊಳೆಯದ ನೈಲಾನ್ ದಾರ ಬೇಕು. ದಾರ, ಅಂಟು ಎರಡನ್ನೂ ಸೇರಿಸಬೇಡಿ. ಹತ್ತಿಗೆ ಈ ಅಂಟು ತಾಗಿದರೆ ರೈಲಾಟ ಎಷ್ಟು ಜೋರಾಗುತ್ತದೆ ಅಂದರೆ ಬೆರಳು ಸುಡುವಷ್ಟು ಬಿಸಿ ಏಳುತ್ತದೆ, ಕಣ್ಣುರಿಸುವ ಹೊಗೆಯೂ ಬರುತ್ತದೆ. ಹತ್ತಿಯ ಕೈಗವಸು ಹಾಕಿಕೊಂಡು ಈ ಕೆಲಸ ಮಾಡಲೇಬಾರದು.

ಪ್ರಕೃತಿಗೂ ಅಂಟು ಹೊಸದಲ್ಲ. ಪಶ್ಚಿಮ ಘಟ್ಟದ ರಭಸದ ಹೊಳೆಗಳಲ್ಲಿ ಪೊಡೊಸ್ಟೆಮೇಸಿ ಅನ್ನುವ ಕುಟುಂಬದ ಪುಟ್ಟ ಗಿಡಗಳಿವೆ. ಬರಿಗಣ್ಣಿಗೆ ಪಾಚಿಯಂತೆ ಕಂಡರೂ ಹೂ ಬಿಡುವ ಗಿಡಗಳು. ಬಂಡೆಯ ಮೇಲಿನ ಬ್ಯಾಕ್ಟೀರಿಯಾಗಳ ಲೋಳೆ ಪದರಕ್ಕೆ ಅಂಟು ರೋಮಗಳಿಂದ ಹಿಡಿದುಕೊಳ್ಳುತ್ತವೆ. ಮಳೆಗಾಲದ ಪ್ರವಾಹಕ್ಕೂ ಕದಲುವುದಿಲ್ಲ. ನೀರು ಇಳಿದಾಗ ಹೂ ಬಿಟ್ಟು, ಬೀಜ ಉದುರಿಸಿ ಒಣಗುತ್ತವೆ.

ಕೊನೆಗೆ ಜಾವಾ ಫರ್ನಿನ ಕಂದು ಚುಕ್ಕೆ. ಎಲೆಯ ಹಿಂಭಾಗದಲ್ಲಿ ಉಬ್ಬಿದ ಕಂದು ಚುಕ್ಕೆ ಕಂಡ ತಕ್ಷಣ ರೋಗ ಅಂತ ಔಷಧಿ ಸುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವು ಬೀಜಕಗಳ ಗುಂಪು, ಜರೀಗಿಡಗಳಿಗೆಲ್ಲ ಇರುತ್ತವೆ. ಇದಲ್ಲದೆ ಹಳೆ ಎಲೆಗಳ ಮೇಲೆಯೇ ಮರಿ ಗಿಡಗಳೂ ಮೂಡುತ್ತವೆ. ಕೂದಲೆಳೆಯಂಥ ಕಪ್ಪು ಬೇರು, ಉಗುರಿನಷ್ಟು ಎಲೆ. ಮೂರ್ನಾಲ್ಕು ಎಲೆ ಬಂದ ಮೇಲೆ ಮರಿಯನ್ನು ಮೆಲ್ಲಗೆ ಬಿಡಿಸಿ. ಅದೇ ಕಟ್ಟಿಗೆಯ ಇನ್ನೊಂದು ಕೊಂಬೆಗೆ ಅಂಟಿಸಲು ಅಂಟಿನ ಒಂದು ಚುಕ್ಕೆ ಸಾಕು.