ಪದ ಪರಿಚಯ: ಕ್ಯಾಟಮೀನಿಯಲ್ ಎಪಿಲೆಪ್ಸಿ

ಫಿಟ್ಸ್ ಇರುವ ಹುಡುಗಿಯ ಮನೆಯಲ್ಲಿ "ಅಮಾವಾಸ್ಯೆ ಹತ್ರ ಬಂತು, ಹುಷಾರು ಕಣಮ್ಮ" ಅನ್ನುವ ಅಜ್ಜಿ ಒಬ್ಬರಾದರೂ ಇರುತ್ತಾರೆ. ಸುಮ್ನೆ ನಕ್ಕುಬಿಡಬೇಡಿ. ತಿಂಗಳಿಗೊಮ್ಮೆ ಜಾಸ್ತಿಯಾಗುವುದು ಕೆಲವರಲ್ಲಿ ನಿಜ. ಅಜ್ಜಿ ತಪ್ಪಿದ್ದು ಕಾರಣದಲ್ಲಿ ಮಾತ್ರ. ಲೆಕ್ಕ ಇರುವುದು ಮುಟ್ಟಿನದು.

ಇದಕ್ಕೆ ಡಾಕ್ಟರುಗಳ ಹೆಸರು ಕ್ಯಾಟಮೀನಿಯಲ್ ಎಪಿಲೆಪ್ಸಿ. 'ತಿಂಗಳಿಗೊಮ್ಮೆ' ಅನ್ನುವ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಮುಟ್ಟಿನ ಮೂರ್ಛೆ ಅನ್ನೋಣ. ಇದು ಬೇರೆ ರೋಗವಲ್ಲ. ಇರುವ ಮೂರ್ಛೆ ರೋಗವೇ ಮುಟ್ಟಿನ ಲೆಕ್ಕದಲ್ಲಿ ಏರಿಳಿಯುತ್ತದೆ, ಅಷ್ಟೇ. ಮೂರ್ಛೆ ರೋಗವಿರುವ ಹೆಂಗಸರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಹೀಗಾಗುತ್ತದೆ.

ಯಾಕೆ? ಮುಟ್ಟಿನ ಲೆಕ್ಕದಲ್ಲಿ ಏರಿಳಿಯುವ ಎರಡು ಹೆಣ್ಣು ಹಾರ್ಮೋನುಗಳಿವೆ. ಈಸ್ಟ್ರೋಜೆನ್ ಒಟ್ಟಾರೆ ಮೆದುಳಿನ ನರಕೋಶಗಳನ್ನು ಕೆರಳಿಸುತ್ತದೆ. ಪ್ರೊಜೆಸ್ಟರಾನ್ ತಣಿಸುತ್ತದೆ. ಪ್ರೊಜೆಸ್ಟರಾನ್‌ನಿಂದ ದೇಹದಲ್ಲಿ ಅಲೋಪ್ರೆಗ್ನಾನೊಲೋನ್ ಅನ್ನುವ ವಸ್ತು ತಯಾರಾಗುತ್ತದೆ. ನರಕೋಶಗಳನ್ನು ಸುಮ್ಮನಿರಿಸುವ ಗಾಬಾ ಅನ್ನುವ ರಾಸಾಯನಿಕಕ್ಕೆ ಅದು ಬಲ ಕೊಡುತ್ತದೆ. ಫಿಟ್ಸ್‌ಗೆ ಕೊಡುವ ಕ್ಲೋಬಜಾಮ್ ಮಾತ್ರೆಯ ಕೆಲಸವೂ ಹೆಚ್ಚುಕಡಿಮೆ ಅದೇ. ಮುಟ್ಟಿಗೆ ಮುಂಚೆ ಪ್ರೊಜೆಸ್ಟರಾನ್ ದಿಢೀರನೆ ಇಳಿಯುತ್ತದೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುತ್ತದಲ್ವಾ, ಹಾಗೇ ಇದು. ಹಾಗಾಗಿ ಮುಟ್ಟಿಗೆ ಮೂರು ದಿನ ಮುಂಚೆಯಿಂದ ಮುಟ್ಟಿನ ಮೂರನೇ ದಿನದವರೆಗೆ ಅಪಾಯ ಜಾಸ್ತಿ. ಇನ್ನು ಕೆಲವರಿಗೆ ಅಂಡ ಬಿಡುಗಡೆಯ ಹೊತ್ತಿಗೆ, ಈಸ್ಟ್ರೋಜೆನ್ ಏರಿದಾಗ, ಬರುತ್ತದೆ. ಅಂಡ ಸರಿಯಾಗಿ ಬಿಡುಗಡೆಯಾಗದ ತಿಂಗಳುಗಳಲ್ಲಿ ಪ್ರೊಜೆಸ್ಟರಾನ್ ಸಾಕಷ್ಟು ಏರುವುದೇ ಇಲ್ಲ. ಆಗ ಮುಟ್ಟಿನ ತಿಂಗಳ ಉತ್ತರಾರ್ಧ ಪೂರ್ತಿ ಕಷ್ಟ.

ಅಜ್ಜಿಯ ಹಾಗೇ ಕಾರಣ ತಪ್ಪಿ ವಿಷಯ ಹಿಡಿದ ಡಾಕ್ಟರೊಬ್ಬರಿದ್ದರು. ವಿಕ್ಟೋರಿಯಾ ರಾಣಿಯ ಹೆರಿಗೆ ವೈದ್ಯ ಚಾರ್ಲ್ಸ್ ಲೊಕಾಕ್. ಮುಟ್ಟಿನ ಹೊತ್ತಿಗೆ ಬರುವ ಮೂರ್ಛೆಗೆ ಕಾಮೋದ್ರೇಕವೇ ಕಾರಣ ಎಂದುಕೊಂಡು, ಅದನ್ನು ತಗ್ಗಿಸಲು ಪೊಟ್ಯಾಸಿಯಂ ಬ್ರೋಮೈಡ್ ಕೊಟ್ಟರು. ಫಿಟ್ಸ್ ಕಡಿಮೆಯಾಯಿತು! 1857ರಲ್ಲಿ ಲಂಡನ್ನಿನಲ್ಲಿ ಹೇಳಿಕೊಂಡರು. ಮೂರ್ಛೆಗೆ ನಿಜವಾಗಿ ಕೆಲಸ ಮಾಡಿದ ಮೊದಲ ಔಷಧಿ ಅದು.

ಗುರುತಿಸಲು ದೊಡ್ಡ ಸ್ಕ್ಯಾನ್ ಬೇಡ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಸಾಕು. ಮುಟ್ಟಾದ ದಿನ 'ಮು', ಫಿಟ್ಸ್ ಬಂದ ದಿನ 'ಫಿ'. ಹಾಲ್‌ನಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತೆ ಅನ್ನುವ ಮುಜುಗರವಿದ್ದರೆ ಮೊಬೈಲಿನಲ್ಲಿ ಬರೆಯಿರಿ. ಒಂದು ತಿಂಗಳು ಕಾಕತಾಳೀಯ ಇರಬಹುದು, ಕನಿಷ್ಠ ಮೂರು ತಿಂಗಳು ಬೇಕು. ಆ ದಿನಗಳಲ್ಲಿ ಫಿಟ್ಸ್ ಸುಮಾರು ಎರಡು ಪಟ್ಟಾದರೆ ಅನುಮಾನ ಗಟ್ಟಿ.

ದಿನದ ಮಾತ್ರೆ ಬಿಡುವಂತಿಲ್ಲ. ಅದರ ಜೊತೆ, ಆ ನಾಲ್ಕಾರು ದಿನಕ್ಕಷ್ಟೇ ಕ್ಲೋಬಜಾಮ್ ಸೇರಿಸುವುದುಂಟು. ಪ್ರೊಜೆಸ್ಟರಾನ್ ಕೊಟ್ಟು ನೋಡಿದ ಅಮೆರಿಕದ ದೊಡ್ಡ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ಎಲ್ಲರಿಗೂ ಉಪಯೋಗವಾಗಲಿಲ್ಲ. ಮುಟ್ಟಿನ ಆಸುಪಾಸು ಫಿಟ್ಸ್ ತುಂಬಾ ಏರುವವರಿಗೆ ಗುಣ ಕಂಡಿತು.

ಇನ್ನೊಂದು ವಿಷಯ. ಕಾರ್ಬಮಜೆಪಿನ್, ಫೆನಿಟಾಯಿನ್ ಅನ್ನುವ ಫಿಟ್ಸ್ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡದಿರಬಹುದು. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ, ಲಾಮೊಟ್ರಿಜಿನ್ ಅನ್ನುವ ಇನ್ನೊಂದು ಫಿಟ್ಸ್ ಔಷಧಿಯ ಮಟ್ಟವನ್ನು ರಕ್ತದಲ್ಲಿ ಇಳಿಸುತ್ತದೆ. ಮದುವೆಗೋ ಪೂಜೆಗೋ ಮುಟ್ಟು ಮುಂದೆ ಹಾಕಲು ಮೆಡಿಕಲ್ ಶಾಪ್‌ನಿಂದ ತರುವ ಮಾತ್ರೆಯೂ ಹಾರ್ಮೋನೇ. ಅದನ್ನು ನುಂಗುವ ಮುಂಚೆ ಆ ಕ್ಯಾಲೆಂಡರ್ ಹಿಡಿದುಕೊಂಡು ನಿಮ್ಮ ನರರೋಗ ಡಾಕ್ಟರನ್ನು ಕೇಳಿ.