ಆ ಜಡ್ಜ್ ಬೇಡ ಅನ್ನೋಕೆ ಕಾರಣ ಬೇಕು

"ಈ ಜಡ್ಜ್ ಆ ಕಡೆಯವರು ಸಾರ್, ಕೇಸನ್ನು ಬೇರೆ ಕೋರ್ಟಿಗೆ ಹಾಕಿಸಿ" ಎಂದು ಕಕ್ಷಿದಾರರು ಕೇಳುವುದು ವಕೀಲರಿಗೆ ಹೊಸದಲ್ಲ. ವರ್ಗಾವಣೆ ಅರ್ಜಿ ಹಾಕಬಹುದು, ಸರಿ. ಆದರೆ ಜಡ್ಜ್ ಯಾರ ಮನೆಯಲ್ಲಿ ಹುಟ್ಟಿದರು ಅನ್ನೋದೇ ಕಾರಣವಾಗುತ್ತದಾ? ನಾನು ಓದಿದ ಉತ್ತರಗಳಲ್ಲಿ ಗಟ್ಟಿಯಾದದ್ದು 1975ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಿಂದ ಬಂತು. ಬರೆದವರು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ.

ಅಮೆರಿಕದಲ್ಲಿ ಫೆಡರಲ್ ಜಡ್ಜ್ ಆದ ಮೊದಲ ಕಪ್ಪು ಮಹಿಳೆ ಇವರು. ಅಪ್ಪ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಲಬ್‌ಗಳಲ್ಲಿ ಅಡುಗೆಯವರು. ಮಗಳು ಕಾನೂನು ಓದಿ, ಕಪ್ಪು ಜನರ ಹಕ್ಕಿಗಾಗಿ ಕೋರ್ಟಿನಲ್ಲಿ ಹೋರಾಡುತ್ತಿದ್ದ ವಕೀಲ ತರ್ಗುಡ್ ಮಾರ್ಷಲ್ ಅವರ ತಂಡ ಸೇರಿದರು. ಶಾಲೆಗಳ ವರ್ಣಭೇದ ಮುರಿದ ಬ್ರೌನ್ ಕೇಸಿನ ಮೂಲ ದೂರನ್ನು ಬರೆದರು. 1962ರಲ್ಲಿ ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರೆಡಿತ್‌ಗೆ, ಬಿಳಿಯರಿಗಷ್ಟೇ ಇದ್ದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದರು. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ್ದು 10 ಕೇಸು, ಗೆದ್ದದ್ದು 9. 1966ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ಇವರನ್ನು ಜಡ್ಜ್ ಹುದ್ದೆಗೆ ಹೆಸರಿಸಿದರೆ, ಸೆನೆಟ್ ಒಪ್ಪಿದ್ದು ಆಗಸ್ಟ್ ಕೊನೆಗೆ. ನಡುವೆ ಅಡ್ಡ ನಿಂತವರು ಮಿಸಿಸಿಪ್ಪಿಯದೇ ಸೆನೆಟರ್ ಈಸ್ಟ್‌ಲ್ಯಾಂಡ್. ಆಶ್ಚರ್ಯವೇನಿಲ್ಲ ಬಿಡಿ.

ಈಗ ಆ ಕೇಸಿಗೆ ಬರೋಣ. ಸಲಿವನ್ ಅಂಡ್ ಕ್ರಾಮ್‌ವೆಲ್ ದೊಡ್ಡ ವಕೀಲರ ಸಂಸ್ಥೆ. ಹೆಣ್ಣು ಎಂಬ ಕಾರಣಕ್ಕೆ ತನಗೆ ಕೆಲಸ ಕೊಡಲಿಲ್ಲ ಎಂದು ವಕೀಲೆಯೊಬ್ಬರು ಅದರ ಮೇಲೆ ದಾವೆ ಹೂಡಿದ್ದರು. ಕೇಸು ಮಾಟ್ಲಿ ಮುಂದೆ ಬಂತು. ಸಂಸ್ಥೆ ಏನಂದಿತು ಗೊತ್ತಾ? ನೀವು ಕಪ್ಪು ಮಹಿಳೆ, ವಕೀಲರಾಗಿದ್ದಾಗ ತಾರತಮ್ಯಕ್ಕೆ ಸಿಕ್ಕವರ ಪರ ನಿಂತವರು, ಹಾಗಾಗಿ ಈ ಕೇಸಿನಿಂದ ಹಿಂದೆ ಸರಿಯಿರಿ ಎಂದಿತು.

ಮಾಟ್ಲಿ ಸರಿಯಲಿಲ್ಲ. ಹಿನ್ನೆಲೆ, ಲಿಂಗ, ಬಣ್ಣವೇ ಸಾಕಷ್ಟು ಕಾರಣವಾದರೆ ಈ ಕೋರ್ಟಿನ ಯಾವ ಜಡ್ಜ್ ಕೂಡ ಈ ಕೇಸು ಕೇಳುವಂತಿಲ್ಲ ಎಂದರು. ಎಲ್ಲರೂ ಒಂದು ಕಾಲದಲ್ಲಿ ವಕೀಲರೇ, ಎಲ್ಲರಿಗೂ ಒಂದು ಲಿಂಗ ಇದ್ದೇ ಇದೆ. ಈ ವಾದದ ಸೊಗಸು ನೋಡಿ. ತನಗೆ ಪಕ್ಷಪಾತವಿಲ್ಲ ಎಂದು ಅವರು ಆಣೆ ಮಾಡಲು ಹೋಗಲಿಲ್ಲ. ಬಿಳಿ ಗಂಡಸಿಗೆ ಮಾತ್ರ ಯಾವ ಹಿನ್ನೆಲೆಯೂ ಇಲ್ಲ ಎಂಬ ನಂಬಿಕೆಯ ಬುಡಕ್ಕೇ ಕೈ ಹಾಕಿದರು. ಕೆಲವು ತಿಂಗಳ ಮೊದಲು, 1974ರಲ್ಲಿ, ಫಿಲಡೆಲ್ಫಿಯಾದ ಕಪ್ಪು ಜಡ್ಜ್ ಲಿಯಾನ್ ಹಿಗಿನ್‌ಬಾಥಮ್ ಕೂಡ ಇಂಥದ್ದೇ ಅರ್ಜಿ ತಳ್ಳಿಹಾಕಿದ್ದರು.

ಹಾಗಂತ ಜಡ್ಜ್ ಎಂದೂ ಸರಿಯಬಾರದು ಅಂತಲ್ಲ. ಕೇಸಿನಲ್ಲಿ ಅವರ ಹಣ ಇದ್ದರೆ, ಹತ್ತಿರದ ನೆಂಟರು ಕಕ್ಷಿದಾರರಾಗಿದ್ದರೆ, ಅದೇ ಕೇಸಿನಲ್ಲಿ ಹಿಂದೆ ವಕೀಲರಾಗಿದ್ದರೆ ಸರಿಯಲೇಬೇಕು. ಇವೆಲ್ಲ ದಾಖಲೆ ತೋರಿಸಿ ಹೇಳಬಹುದಾದ ಸಂಗತಿಗಳು. ಸುಮ್ನೆ ಅನುಮಾನ ಸಾಲದು.

ಸಂಸ್ಥೆ ಮೇಲಿನ ಕೋರ್ಟಿಗೂ ಹೋಯಿತು. ಅಲ್ಲೂ ನಡೆಯಲಿಲ್ಲ. ಕೇಸು ಮಾಟ್ಲಿ ಬಳಿಯೇ ಉಳಿಯಿತು, ಕೊನೆಗೆ ರಾಜಿಯಲ್ಲಿ ಮುಗಿಯಿತು.